ಹತ್ತು ದಿನದ ಗುಳಿಗೆ, ಐದು ತಿಂಗಳು

ಗದಗ ಪಕ್ಕದ ಬೆಟಗೇರಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ, ಹತ್ತೊಂಬತ್ತು ವರ್ಷ ಆಯಿತು. ಡಿ.ಫಾರ್ಮಾ ಓದಿದವನು. ಯಾವ ಗುಳಿಗೆ ಊಟಕ್ಕೆ ಮುಂಚೆ, ಯಾವುದು ಊಟ ಆದ ಮೇಲೆ ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಓದುವಾಗ "ಪಾಪ, ಇವನಿಗೆ ಗೊತ್ತಿರಲಿಲ್ಲ" ಅಂತ ಯಾರೂ ಅಂದುಕೊಳ್ಳಬಾರದು. ಎಲ್ಲಾ ಗೊತ್ತಿತ್ತು.

2023ರ ಜೂನ್. ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿತ್ತು, ಮನೆ ಸಾಲದ ಎರಡು ಕಂತು ಬಾಕಿ ಇತ್ತು. ಒಂದು ರಾತ್ರಿ ಎರಡರ ಹೊತ್ತಿಗೆ ಎದೆ ಡಬಡಬ ಬಡಿದು ಎಚ್ಚರ ಆಯಿತು. ಕೈ ಜೋಮು ಹಿಡಿದಿತ್ತು, ಉಸಿರು ಸಾಲುತ್ತಿರಲಿಲ್ಲ, ಈಗ ಸತ್ತೇ ಹೋಗುತ್ತೇನೆ ಅನ್ನುವ ಭಯ. ಹೆಂಡತಿ ನೀರು ಕುಡಿಸಿ ಬೆನ್ನು ಉಜ್ಜುತ್ತ ಕೂತಳು. ಬೆಳಿಗ್ಗೆ ಹೋಗಿ ಇಸಿಜಿ ಮಾಡಿಸಿದೆ, ಥೈರಾಯ್ಡ್ ನೋಡಿಸಿದೆ, ಎಲ್ಲಾ ನಾರ್ಮಲ್. "ಇದು ಪ್ಯಾನಿಕ್ ಅಟ್ಯಾಕ್ ರೀ, ಹಾರ್ಟಿನದಲ್ಲ" ಅಂದರು ಡಾಕ್ಟರು. ಎರಡು ಗುಳಿಗೆ ಬರೆದುಕೊಟ್ಟರು. ಒಂದು ಎಸಿಟಾಲೋಪ್ರಾಮ್, ದಿನಾ ತಗೋಬೇಕು, ಕೆಲಸ ಶುರು ಮಾಡೋಕೆ ಕೆಲವು ವಾರ ಬೇಕು, ತಿಂಗಳುಗಟ್ಟಲೆ ಮುಂದುವರಿಸಬೇಕು. ಇನ್ನೊಂದು ಅಲ್ಪ್ರಾಜೋಲಾಮ್ 0.25 ಮಿಲಿಗ್ರಾಂ, ರಾತ್ರಿ ಒಂದು, ಹತ್ತು ದಿನ ಮಾತ್ರ. ಮೊದಲನೆಯದು ಕೈ ಹಿಡಿಯುವ ತನಕ ಎರಡನೆಯದು ಊರುಗೋಲು, ಅಷ್ಟೇ ಲೆಕ್ಕ. ಚೀಟಿ ಸರಿಯಾಗೇ ಇತ್ತು.

ನಾನು ಮಾಡಿದ್ದೇನು ಗೊತ್ತಾ? ಎಸಿಟಾಲೋಪ್ರಾಮ್ ತಗೊಂಡರೆ ಹೊಟ್ಟೆ ತೊಳಸುತ್ತಿತ್ತು, ವಾರ ಆದರೂ ಏನೂ ಫರಕ್ ಕಾಣಲಿಲ್ಲ, ಅದನ್ನು ಬಿಟ್ಟೆ. ಅಲ್ಪ್ರಾಜೋಲಾಮ್ ಅರ್ಧ ಗಂಟೆಯಲ್ಲಿ ಎದೆ ಮೇಲಿನ ಕಲ್ಲು ಇಳಿಸುತ್ತಿತ್ತು, ಅದನ್ನು ಇಟ್ಟುಕೊಂಡೆ. ಬಿಡಬೇಕಾದ್ದನ್ನು ಹಿಡಿದು, ಹಿಡಿಯಬೇಕಾದ್ದನ್ನು ಬಿಟ್ಟೆ. ಈಗ ಕೌಂಟರಿನಲ್ಲಿ ನಿಂತು ನೋಡಿದರೆ ಬಹಳ ಜನ ಮಾಡುವುದು ಇದನ್ನೇ.

ಅಲ್ಪ್ರಾಜೋಲಾಮ್ ಶೆಡ್ಯೂಲ್ ಎಚ್1 ಮಾಲು, ಅಂದರೆ ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧಿಗಳ ಸರ್ಕಾರಿ ಪಟ್ಟಿಯದು. 2014ರ ಮಾರ್ಚ್ 1ರಿಂದ ಈ ಪಟ್ಟಿಯ ಔಷಧಿ ಕೊಡುವಾಗ ಬೇರೆ ರಿಜಿಸ್ಟರಿನಲ್ಲಿ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಎಷ್ಟು ಗುಳಿಗೆ, ಎಲ್ಲಾ ಬರೆದು ಮೂರು ವರ್ಷ ಇಡಬೇಕು. ನಾನು ಬರೆದೆ. ಅದೇ ಜೂನ್ ತಿಂಗಳ ಚೀಟಿ ತೋರಿಸಿ, ನನ್ನದೇ ಹೆಸರಿಗೆ, ನನ್ನದೇ ಕೈಯಿಂದ, ಮತ್ತೆ ಮತ್ತೆ. ಚೀಟಿ ನೋಡುವವನೂ ನಾನೇ, ತಗೊಳ್ಳುವವನೂ ನಾನೇ, ಇನ್ಯಾರು ಕೇಳಬೇಕು? ಜೂನ್‌ನಲ್ಲಿ 10 ಗುಳಿಗೆ. ಜುಲೈನಲ್ಲಿ 30. ಆಗಸ್ಟ್‌ನಲ್ಲಿ 45, ಯಾಕಂದರೆ ಮಧ್ಯಾಹ್ನ ಒಮ್ಮೊಮ್ಮೆ ಒಂದು ಬೇಕಾಗುತ್ತಿತ್ತು. ಸೆಪ್ಟೆಂಬರ್‌ನಲ್ಲಿ 60. ಅಕ್ಟೋಬರ್‌ನಲ್ಲೂ 60, ಆದರೆ 0.25 ಅಲ್ಲ, 0.5. ಅಂದರೆ ದಿನಕ್ಕೆ ಒಂದು ಮಿಲಿಗ್ರಾಂ, ಶುರು ಮಾಡಿದ್ದರ ನಾಲ್ಕು ಪಟ್ಟು.

ಇದು ಯಾಕೆ ಹೀಗಾಗುತ್ತದೆ ಅಂದರೆ, ನಮ್ಮ ಮೆದುಳಿನಲ್ಲಿ ಗಾಬಾ ಅಂತ ಒಂದು ರಾಸಾಯನಿಕ ಇದೆ, ನರಗಳ ಗಡಿಬಿಡಿ ತಗ್ಗಿಸುವುದು ಅದರ ಕೆಲಸ. ಅಲ್ಪ್ರಾಜೋಲಾಮ್, ಕ್ಲೊನಾಜೆಪಾಮ್, ಲೊರಾಜೆಪಾಮ್, ಡಯಾಜೆಪಾಮ್ ಇವೆಲ್ಲ ಒಂದೇ ಮನೆತನದವು, ಬೆಂಜೊಡಯಾಜೆಪಿನ್ ಅನ್ನುತ್ತಾರೆ. ಇವು ಗಾಬಾದ ಕೈ ಗಟ್ಟಿ ಮಾಡುತ್ತವೆ. ಕೆಲವು ವಾರ ಹೀಗೇ ನಡೆದರೆ ಮೆದುಳು ತನ್ನ ಪಾಲಿನ ಕೆಲಸ ಕಡಿಮೆ ಮಾಡುತ್ತದೆ, ಹೊರಗಿನಿಂದ ಬರುತ್ತಿದೆಯಲ್ಲ ಅಂತ. ಆಮೇಲೆ ಅದೇ ಡೋಸಿಗೆ ಅದೇ ಆರಾಮ ಸಿಗುವುದಿಲ್ಲ. ಗುಳಿಗೆ ನಿಂತ ದಿನ ಸುಮ್ಮನಿರಿಸಿದ ಗಡಿಬಿಡಿ ಎಲ್ಲಾ ಒಟ್ಟಿಗೇ ಎದ್ದು ಬರುತ್ತದೆ. ಬ್ರಿಟನ್ನಿನಲ್ಲಿ 1988ರಲ್ಲೇ ಇವನ್ನು ಎರಡರಿಂದ ನಾಲ್ಕು ವಾರಕ್ಕಿಂತ ಜಾಸ್ತಿ ಕೊಡಬೇಡಿ ಅಂತ ಡಾಕ್ಟರಿಗೆ ಸೂಚನೆ ಹೋಗಿತ್ತು. 2020ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಮನೆತನದ ಎಲ್ಲಾ ಔಷಧಿಗಳ ಮೇಲಿನ ಎಚ್ಚರಿಕೆಯಲ್ಲಿ ಅವಲಂಬನೆಯನ್ನೂ ಸೇರಿಸಿತು. ಹೊಸ ಸುದ್ದಿ ಏನಲ್ಲ.

ನಡುವೆ ಇನ್ನೊಂದು ಆಯಿತು, ನಗು ಬರುತ್ತದೆ ಈಗ. ಸೆಪ್ಟೆಂಬರಿನಲ್ಲಿ ಸೊಂಟದ ಸುತ್ತ ಗಜಕರ್ಣ ಎದ್ದಿತ್ತು. ಅದರ ಗುಳಿಗೆ ಅಂಗಡಿಯಲ್ಲೇ ಇದೆಯಲ್ಲ, ಇಟ್ರಾಕೊನಜೋಲ್ ಶುರು ಮಾಡಿದೆ. ಮೂರನೇ ದಿನ ಮಧ್ಯಾಹ್ನ ಕೌಂಟರಿನ ಮೇಲೆ ತಲೆ ಇಟ್ಟು ಮಲಗಿಬಿಟ್ಟಿದ್ದೆ, ಗಿರಾಕಿ ಬಂದು ನಾಣ್ಯ ಬಡಿದು ಎಬ್ಬಿಸಿದರು. ಸಂಜೆ ಸ್ಕೂಟರ್ ಮೇಲೆ ಮನೆಗೆ ಹೋಗುವಾಗ ಹಾತಲಗೇರಿ ನಾಕಾದಲ್ಲಿ ಬ್ರೇಕ್ ಹಿಡಿಯೋದು ತಡವಾಗಿ ಆಟೋಗೆ ತಾಗಿಸಿದೆ. ಲಿವರಿನಲ್ಲಿ ಅಲ್ಪ್ರಾಜೋಲಾಮನ್ನು ಕರಗಿಸುವ ಕಿಣ್ವವನ್ನು ಇಟ್ರಾಕೊನಜೋಲ್ ತಡೆಯುತ್ತದೆ, ಒಂದು ಗುಳಿಗೆ ನುಂಗಿದರೂ ರಕ್ತದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ನುಂಗಿದ ಹಾಗೆ ಆಗುತ್ತದೆ. ಇವೆರಡನ್ನೂ ಒಟ್ಟಿಗೆ ಕೊಡಲೇಬಾರದು. ಈಗ ಊರ ತುಂಬಾ ಗಜಕರ್ಣ, ಊರ ತುಂಬಾ ಟೆನ್ಷನ್ ಗುಳಿಗೆ, ಎರಡೂ ಒಂದೇ ಮನೆಗೆ ಹೋಗುವುದು ಅಪರೂಪವಲ್ಲ. ಇನ್ನು ಇದರ ಜೊತೆ ಎಣ್ಣೆ ಹೊಡೆಯುವವರು, ಟ್ರಮಡಾಲ್ ಅನ್ನುವ ನೋವಿನ ಗುಳಿಗೆ ತಗೊಳ್ಳುವವರು ಇದ್ದಾರೆ. ಅಲ್ಲಿ ಆಟೋಗೆ ತಾಗುವ ಮಾತಲ್ಲ, ಉಸಿರೇ ನಿಲ್ಲುವ ಮಾತು.

ನವೆಂಬರಿನಲ್ಲಿ ರಾಣೆಬೆನ್ನೂರಿನಲ್ಲಿ ನಮ್ಮ ಸೋದರಮಾವನ ಮಗಳ ಮದುವೆ. ಎರಡು ರಾತ್ರಿ ಉಳಿಯೋದಿತ್ತು. ಸ್ಟ್ರಿಪ್ ಅಂಗಡಿ ಡ್ರಾದಲ್ಲೇ ಮರೆತೆ. ಮೊದಲ ರಾತ್ರಿ ಕಣ್ಣು ಮುಚ್ಚಲಿಲ್ಲ, ಮದುವೆ ಮನೆ ಗದ್ದಲ ಅಂದುಕೊಂಡೆ. ಮರುದಿನ ಅಕ್ಕಿಕಾಳು ಹಾಕುವಾಗ ಕೈ ಎಷ್ಟು ನಡುಗಿತು ಅಂದರೆ ಅರ್ಧ ಕಾಳು ನನ್ನ ಕಾಲ ಮೇಲೇ ಬಿತ್ತು. ವಾಲಗದ ಸದ್ದು ಕಿವಿಯಲ್ಲಿ ಮೊಳೆ ಹೊಡೆದ ಹಾಗೆ. ಅಂಗಿ ಬೆವರಿನಲ್ಲಿ ತೊಯ್ದಿತ್ತು. "ಮಾವಾ, ಹಾರ್ಟಿನ ಡಾಕ್ಟರಿಗೆ ತೋರಿಸೋಣ ನಡೀರಿ" ಅಂದ ಅಳಿಯ. ನಾನು ಬೇಡ ಅಂದು ಅವನ ಕೈಯಲ್ಲಿ ಗುಳಿಗೆ ಹೆಸರು ಬರೆದುಕೊಟ್ಟೆ. ಸಿಗರೇಟ್ ಪ್ಯಾಕಿನ ಹಿಂದೆ. ಹತ್ತು ನಿಮಿಷದಲ್ಲಿ ಒಂದು ಸ್ಟ್ರಿಪ್ ಹಿಡಿದುಕೊಂಡು ಬಂದ, ಯಾವ ಅಂಗಡಿಯವನೂ ಚೀಟಿ ಕೇಳಿರಲಿಲ್ಲ. ನುಂಗಿದೆ. ಅರ್ಧ ಗಂಟೆಗೆ ನಡುಕ ಹೋಯಿತು, ವಾಲಗ ಮತ್ತೆ ವಾಲಗ ಆಯಿತು, ಪಂಕ್ತಿಯಲ್ಲಿ ಕೂತು ಎರಡು ಹೋಳಿಗೆ ತಿಂದೆ.

ಹೋಳಿಗೆ ತಿನ್ನುವಾಗಲೇ ಗೊತ್ತಾಯಿತು, ಇದು ಜೂನ್‌ನಲ್ಲಿ ಬಂದ ಕಾಯಿಲೆ ಅಲ್ಲ, ಇದು ಗುಳಿಗೆಯದೇ ಕಾಯಿಲೆ ಅಂತ.

ಊರಿಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬೈಯಲಿಲ್ಲ, ಅದೇ ಕಷ್ಟ ಆಯಿತು. "ಒಗೀರಿ ಆ ಹಾಳ ಗುಳಿಗಿ, ಇವತ್ತಿಂದ ಬಂದ್" ಅಂದಳು. ಅದೊಂದು ಮಾತ್ರ ಮಾಡಬಾರದು. ಹೀಗೆ ತಿಂಗಳುಗಟ್ಟಲೆ ತಗೊಂಡಿದ್ದನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಅಷ್ಟು ನೆನಪಿತ್ತು ಪುಣ್ಯಕ್ಕೆ. ಧಾರವಾಡಕ್ಕೆ ಹೋಗಿ ಮನೋರೋಗ ತಜ್ಞರನ್ನು ನೋಡೋಣ ಅಂದೆ. ನಮ್ಮ ಕಡೆ ಯಾರಿಗಾದರೂ "ಧಾರವಾಡಕ್ಕ ಹೋಗಬೇಕೇನ?" ಅಂದರೆ ಅದಕ್ಕೆ ಬೇರೆಯೇ ಅರ್ಥ, ಅಲ್ಲಿ ಮಾನಸಿಕ ಆಸ್ಪತ್ರೆ ಇದೆಯಲ್ಲ. ಹುಬ್ಬಳ್ಳಿಗೆ ಮಾಲು ತರಲು ಹೋಗುತ್ತೇವೆ ಅಂತ ಅವ್ವನಿಗೆ ಸುಳ್ಳು ಹೇಳಿ ಹೋದೆವು.

"ದಿನಕ್ಕ ಎಷ್ಟು ತಗೋತಿದ್ರಿ? ಖರೇ ಹೇಳ್ರಿ" ಅಂದರು ಡಾಕ್ಟರಮ್ಮ. ನಾನು ರಿಜಿಸ್ಟರಿನ ಫೋಟೋ ತೋರಿಸಿದೆ. ಅವರು ನೋಡಿ ನಕ್ಕರು, "ಇಷ್ಟು ಚಲೋ ಹಿಸ್ಟರಿ ಯಾರೂ ತರಂಗಿಲ್ಲ ಬಿಡ್ರಿ."

ಅವರು ಹಾಕಿದ ಲೆಕ್ಕ ಹೇಳುತ್ತೇನೆ, ಆದರೆ ಇದು ನನ್ನ ಡೋಸಿಗೆ, ನನ್ನ ಮೈಗೆ ಹಾಕಿದ ಲೆಕ್ಕ. ಇದನ್ನು ನೋಡಿ ಮನೆಯಲ್ಲೇ ಶುರು ಮಾಡಬೇಡಿ. ಅಲ್ಪ್ರಾಜೋಲಾಮ್ ರಕ್ತದಲ್ಲಿ ಸುಮಾರು ಹನ್ನೊಂದು ತಾಸಿಗೆ ಅರ್ಧ ಆಗುತ್ತದೆ, ಅದಕ್ಕೇ ಬೆಳಗಿನ ಜಾವ ಚಡಪಡಿಕೆ. ಕ್ಲೊನಾಜೆಪಾಮ್ ಅರ್ಧ ಆಗಲು ಮೂವತ್ತು ನಲವತ್ತು ತಾಸು ಬೇಕು, ಇಳಿಜಾರು ನಿಧಾನ. ಎರಡು ವಾರದಲ್ಲಿ ನನ್ನನ್ನು ಸ್ವಲ್ಪ ಸ್ವಲ್ಪವೇ ಅದಕ್ಕೆ ಬದಲಿಸಿದರು, ದಿನಕ್ಕೆ ಒಂದು ಮಿಲಿಗ್ರಾಂ. ಆಮೇಲೆ ಮೂರು ವಾರಕ್ಕೊಮ್ಮೆ 0.125 ಇಳಿಸುವುದು, ಅಂದರೆ 0.25ರ ಗುಳಿಗೆಯ ಅರ್ಧ. ಎಸಿಟಾಲೋಪ್ರಾಮ್ ಮತ್ತೆ ಶುರು, ಈ ಸಲ ಊಟದ ಜೊತೆ, ಕಡಿಮೆ ಡೋಸಿನಿಂದ. ಹೊಟ್ಟೆ ತೊಳಸುವುದು ಹತ್ತು ದಿನಕ್ಕೆ ತಾನೇ ನಿಂತಿತು. ಜೂನ್‌ನಲ್ಲೂ ನಿಲ್ಲುತ್ತಿತ್ತೇನೋ, ನಾನು ಕಾಯಲಿಲ್ಲ.

ಗುಳಿಗೆಯ ಡಬ್ಬಿ ಹೆಂಡತಿ ಕೈಗೆ ಹೋಯಿತು. ಗೋಡೆ ಮೇಲಿನ ಶಾಬಾದಿಮಠ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಣ್ಣಿಮೆ ಪಕ್ಕದಲ್ಲಿ ಇಳಿಸುವ ದಿನಕ್ಕೆಲ್ಲ ಅವಳು ಕೆಂಪು ಪೆನ್ನಿನಲ್ಲಿ ಗೋಲ ಹಾಕಿದಳು. ಅವ್ವ ಕೇಳಿದರೆ ಹಾಲಿನ ಲೆಕ್ಕ ಅಂತ ಹೇಳುತ್ತಿದ್ದಳು.

ಮೊದಲ ನಾಲ್ಕು ಮೆಟ್ಟಿಲು ಸಲೀಸು. ಪ್ರತಿ ಸಲ ಇಳಿಸಿದಾಗ ಮೂರು ನಾಲ್ಕು ರಾತ್ರಿ ನಿದ್ದೆ ಕೆಡುತ್ತಿತ್ತು, ಕನಸು ಜಾಸ್ತಿ, ಆಮೇಲೆ ಸರಿ. ಕೊನೆಯ ಅರ್ಧ ಮಿಲಿಗ್ರಾಂ ಬಂತಲ್ಲ, ಅಲ್ಲಿಂದ ಕಠಿಣ. ಒಂದು ಕಡೆ ಡಾಕ್ಟರಮ್ಮನೇ "ಐದು ವಾರ ಇಲ್ಲೇ ನಿಲ್ಲೋಣ, ಅವಸರ ಏನದ?" ಅಂದರು. ಒಂದು ರಾತ್ರಿ ಮೂರು ಗಂಟೆಗೆ ಎದೆ ಬಡಿತ ಶುರುವಾಗಿ, ಹೆಂಡತಿಯನ್ನು ಎಬ್ಬಿಸಲು ನಾಚಿಕೆಯಾಗಿ, ಟೆಲಿ-ಮಾನಸ್‌ಗೆ ಫೋನ್ ಮಾಡಿದೆ. 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಹುಡುಗಿ ಔಷಧಿ ಮಾತೇ ಎತ್ತಲಿಲ್ಲ. "ಸರ್, ನಿಮ್ಮ ಎದುರಿಗೆ ಕಾಣೋ ಐದು ವಸ್ತು ಹೇಳಿ" ಅಂದಳು. ಗಡಿಯಾರ, ಛತ್ರಿ, ಅಪ್ಪನ ಫೋಟೋ, ನೀರಿನ ತಂಬಿಗೆ ಅಂದೆ. ಐದನೆಯದಕ್ಕೆ ಹುಡುಕುವಷ್ಟರಲ್ಲಿ ಉಸಿರು ಹದಕ್ಕೆ ಬಂದಿತ್ತು. ಸಂಜೆ ಚಹಾ ಬಿಟ್ಟೆ. ಬೆಳಿಗ್ಗೆ ಭೀಷ್ಮ ಕೆರೆ ಸುತ್ತ ನಡೆಯುತ್ತಿದ್ದೆ, ವಾಪಸ್ ಬರುವಾಗ ಬಿಸಿ ಬಿಸಿ ಮಿರ್ಚಿ ತಿನ್ನುತ್ತಿದ್ದೆ ಅನ್ನುವುದು ಡಾಕ್ಟರಮ್ಮನಿಗೆ ಗೊತ್ತಿಲ್ಲ.

ಕೊನೆಯ ಅರ್ಧ ಗುಳಿಗೆ 2024ರ ಜುಲೈ 14ರ ರಾತ್ರಿ. ಹತ್ತು ದಿನ ಅಂತ ಬರೆದದ್ದು ಹದಿಮೂರು ತಿಂಗಳಿಗೆ ಮುಗಿಯಿತು. ಈಗಲೂ ಒಮ್ಮೊಮ್ಮೆ ರಾತ್ರಿ ಎದೆ ಬಡಿಯುತ್ತದೆ. ಹದಿನೈದು ಇಪ್ಪತ್ತು ನಿಮಿಷ ಇರುತ್ತದೆ, ಹೋಗುತ್ತದೆ.

ಅಂಗಡಿಯಲ್ಲಿ ಈಗ ಒಂದು ಕೆಲಸ ಮಾಡುತ್ತೇನೆ. ಇಂಥ ಚೀಟಿ ಬಂದರೆ "ಎಲ್ಲೀತನಕ ಅಂದಾರ ಡಾಕ್ಟ್ರು?" ಅಂತ ಕೇಳಿ, ನಿಲ್ಲಿಸುವ ಅಥವಾ ಮತ್ತೆ ತೋರಿಸುವ ತಾರೀಕನ್ನು ಸ್ಟ್ರಿಪ್ಪಿನ ಮೇಲೆ ಪೆನ್ನಿನಲ್ಲಿ ಬರೆಯುತ್ತೇನೆ. ಎಸಿಟಾಲೋಪ್ರಾಮ್ ಹೆಸರಿನ ಪಕ್ಕ ಪ್ಲಸ್ ಅಂತ ಇದ್ದರೆ ಒಳಗೆ ಕ್ಲೊನಾಜೆಪಾಮ್ ಸೇರಿರಬಹುದು, ಅದನ್ನೂ ತೋರಿಸಿ ಹೇಳುತ್ತೇನೆ. ಎಷ್ಟೋ ಜನ ಒಂದೇ ಗುಳಿಗೆ ಅಂದುಕೊಂಡು ವರ್ಷಗಟ್ಟಲೆ ಎರಡು ನುಂಗುತ್ತಿರುತ್ತಾರೆ.

ಹೋದ ತಿಂಗಳು ಮುಂಡರಗಿ ಕಡೆಯ ಕಾಕಾ ಒಬ್ಬರು ಬಂದರು. ಅವರ ಚೀಟಿಗೆ ಲ್ಯಾಮಿನೇಷನ್ ಮಾಡಿಸಿದ್ದರು. ಮೂರು ವರ್ಷದ ಹಿಂದಿನ ಚೀಟಿ, ಮನೆಯವರದು, ಅಲ್ಪ್ರಾಜೋಲಾಮ್ ಐದು ದಿನಕ್ಕೆ. ಮೂರು ವರ್ಷದಿಂದ ಅದನ್ನೇ ತೋರಿಸಿ ತಗೊಳ್ಳುತ್ತಿದ್ದಾರೆ, ಮಳೆಗೆ ನೆನೆಯಬಾರದು ಅಂತ ಲ್ಯಾಮಿನೇಷನ್. ಕೊಡುವಂತಿಲ್ಲ. ಕೊಡದೆ ಕಳಿಸಿದರೆ ಅರವತ್ತೆಂಟು ವರ್ಷದ ಆ ಅವ್ವನಿಗೆ ನಾಳೆ ರಾಣೆಬೆನ್ನೂರಿನ ಗತಿ, ಇಲ್ಲಾ ಅದಕ್ಕಿಂತ ಕೆಟ್ಟದ್ದು. "ಮನ್ಯಾಗ ಎಷ್ಟು ಗುಳಿಗಿ ಅದಾವ ಕಾಕಾ?" ಅಂದೆ. ಎರಡು ಅಂದರು. ಇವತ್ತು ಅವರು ಎಂದಿನ ಹಾಗೇ ತಗೊಳ್ಳಲಿ, ನಾಳೆ ಬೆಳಿಗ್ಗೆ ಕರಕೊಂಡು ಬರ್ರಿ ಅಂತ ಹೇಳಿ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕಳಿಸಿದೆ. ಮರುದಿನ ಮಧ್ಯಾಹ್ನ ಕಾಕಾ ಹೊಸ ಚೀಟಿ ತಂದರು, ಅದರಲ್ಲಿ ಹದಿನೈದು ದಿನಕ್ಕೊಮ್ಮೆ ಬಂದು ತೋರಿಸಬೇಕು, ಇಷ್ಟಿಷ್ಟೇ ಇಳಿಸಬೇಕು ಅಂತ ಇತ್ತು. ರಿಜಿಸ್ಟರಿನಲ್ಲಿ ಬರೆದುಕೊಂಡೆ, ಸ್ಟ್ರಿಪ್ಪಿನ ಮೇಲೆ ತಾರೀಕು ಹಾಕಿದೆ. ಕಾಕಾ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹಂಗಾರ ಇದಕ್ಕ ಲ್ಯಾಮಿನೇಷನ್ ಬ್ಯಾಡನು?"