ಗೋಡೌನ್ ಒಳಗೆ ಇನ್ನೊಂದು ರೂಮು: ಗೋಣಿಕೊಪ್ಪದಲ್ಲಿ ನನ್ನ ಅನುಭವ

ಕೊಡಗಿನ ಮಳೇಲಿ ಶೀಟಿನ ಕೆಳಗೆ ಕೂತು ಆಡಿಯೋ ಕೆಲ್ಸ ಆಗೋದೇ ಇಲ್ಲ ಅಂತ ಎಲ್ರೂ ಹೇಳಿದ್ರು, ಪ್ಲಾನ್ ಹಾಕಿದ ಇಂಜಿನಿಯರೂ ಸೇರಿ. ಹಳೇ ಗೋಡೌನ್ ಹಿಡಿದು ಡೆಸ್ಕು, ರೂಮು ಬಾಡಿಗೆಗೆ ಕೊಡ್ತೀನಿ ನಾನು; ಈ ಜುಲೈಲಿ ಅಲ್ಲೇ ಪಾಡ್‌ಕ್ಯಾಸ್ಟ್ ರೆಕಾರ್ಡ್ ಆಯ್ತು, ಟ್ರ್ಯಾಕಲ್ಲಿ ಮಳೆ ಸದ್ದು ಇಲ್ಲ.

ಬಿಲ್ಡಿಂಗ್ ಹಳೇ ಕಾಫಿ ಕ್ಯೂರಿಂಗ್ ವರ್ಕ್ಸ್, ಅಂದ್ರೆ ಕಾಫಿ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸೋ ಜಾಗ. 1996ರಲ್ಲಿ ಪೂಲಿಂಗ್ (ಬೆಳೆಗಾರರು ಕಾಫೀನ ಕಾಫಿ ಬೋರ್ಡಿಗೇ ಕೊಡಬೇಕಿದ್ದ ಪದ್ಧತಿ) ಹೋಗಿ ಪೂರ್ತಿ ಫ್ರೀ ಸೇಲ್ ಆದ್ಮೇಲೆ ಇದಕ್ಕೆ ಮಾಲು ಕಮ್ಮಿ ಆಗ್ತಾ ಆಗ್ತಾ ಬೀಗ ಬಿತ್ತು.

ಮಾಡು ಬಿಚ್ಚಿ ಹೊಸದು ಹಾಕೋಕೇ 22 ಲಕ್ಷದ ಹತ್ರ ಕೊಟೇಶನ್ ಬಂತು. ಅದೂ ಆಸ್ಬೆಸ್ಟಾಸ್ ಶೀಟು, ಕೊಯ್ದ್ರೆ ಧೂಳು ಶ್ವಾಸಕೋಶಕ್ಕೆ, ಮುಟ್ಟೋದೇ ಬೇಡ ಅಂದೆ. ಮಾಡಿನ ಪಟ್ಟಿಗಳಿಗೆ ಗ್ಲಾಸ್‌ವೂಲ್ (ಗಾಜಿನ ಎಳೆಯ ಹತ್ತಿ) ಕಟ್ಟಿಸಿ ನೋಡಿದ್ವಿ, ಒಂದೂವರೆ ಲಕ್ಷ ಹೋಯ್ತು, ಒಂದೇ ಮಳೆಗಾಲದಲ್ಲಿ ತೇವ ಕುಡ್ದು ಜೋತುಬಿತ್ತು. ಥರ್ಮಾಕೋಲ್ ಸದ್ದು ತಡೀಲಿಲ್ಲ, ಇಲಿ ಗೂಡು ಕಟ್ಟಿದ್ವು.

ಕೊನೆಗೆ ಗೋಡೌನ್ ಒಳಗೇ ಬೇರೆ ರೂಮು ಎಬ್ಬಿಸಿದ್ವಿ. ಜಿಐ (ಸತು ಲೇಪಿಸಿದ ಕಬ್ಬಿಣದ) ಚಾನೆಲ್, ಎರಡೂ ಕಡೆ ಡಬಲ್ ಸಿಮೆಂಟ್ ಬೋರ್ಡು, ಕೆಳಗೆ ರಬ್ಬರ್ ಪ್ಯಾಡು, ಹಳೇ ಗೋಡೆಗೆ ಎಲ್ಲೂ ತಾಗಲ್ಲ, ಮಾಡಿಗೂ ಸೀಲಿಂಗಿಗೂ ನಾಲ್ಕಡಿ ಜಾಗ, ಗಾಳಿ ಓಡಾಡ್ತಾನೇ ಇರುತ್ತೆ ಹಾಗಾಗಿ ಬೂಷ್ಟೂ ಇಲ್ಲ. ಸೀಲಿಂಗ್ ಮೇಲೆ ಏನು ಹಾಸಿದೀನಿ ಅನ್ನೋದು ನನ್ನ ಹತ್ರಾನೇ ಇರ್ಲಿ, ತೋಟದೂರಲ್ಲಿ ಹೆಚ್ಚುಕಮ್ಮಿ ಪುಕ್ಕಟೆ ಸಿಗೋ ಸಾಮಾನು. ನಾಲ್ಕು ರೂಮಿಗೆ ಸುಮಾರು 9 ಲಕ್ಷ.

ಗಾರ್ಬ್ಲಿಂಗ್ ಹಾಲಿಗೆ ಖರ್ಚೇ ಇಲ್ಲ. ಹೆಂಗಸರು ಕೂತು ಕಪ್ಪು ಬೀಜ ಆರಿಸ್ತಿದ್ದ ಜಾಗ, ಬೆಳಕಿಗೇ ಅಂತ ಉದ್ದಕ್ಕೆ ಕಿಟಕಿ ಇಟ್ಟಿದ್ರು, ಈಗ ಚಿತ್ರ ಬರೆಯೋರು ಅಲ್ಲಿಂದ ಏಳಲ್ಲ. ಗೋಡೆಗೆ ಸುಣ್ಣ ಮಾತ್ರ ಹೊಡೀರಿ, ಪ್ಲಾಸ್ಟಿಕ್ ಪೇಂಟ್ ತೇವಕ್ಕೆ ಗುಳ್ಳೆ ಎದ್ದು ಉದುರುತ್ತೆ. ಹಲ್ಲರ್ (ಕಾಫಿ ಸಿಪ್ಪೆ ಬಿಡಿಸೋ ಮಷಿನ್) ಕೂರಿಸಿದ್ದ ಕಾಂಕ್ರೀಟ್ ಕಟ್ಟೇನ ಒಡೀಬೇಡಿ, ನಮ್ಮ ಮರಗೆಲಸದವರು ಅದ್ರ ಮೇಲೇ ಪ್ಲೇನರ್ (ಮರ ನುಣುಪು ಮಾಡೋ ಮಷಿನ್) ಇಟ್ಟಿದಾರೆ, ಪಕ್ಕದ ರೂಮಿಗೆ ಅದುರೋದು ಗೊತ್ತೇ ಆಗಲ್ಲ.

ಮಧ್ಯೆ ಇನ್ನೊಂದು. ಮೂಲೇಲಿ ರಾಶಿ ಬಿದ್ದಿದ್ದ ಕಾಫಿ ಸಿಪ್ಪೆ ಸುಟ್ಟು ಬೂದೀನ ಕುಂಬಾರಿಕೆ ಮಾಡೋ ಹುಡುಗಿ ಗ್ಲೇಜಿಗೆ (ಮಡಕೆ ಮೇಲಿನ ಗಾಜಿನಂಥ ಲೇಪಕ್ಕೆ) ಹಾಕಿದ್ಲು, ಪೊಟ್ಯಾಶ್ ಜಾಸ್ತಿ ಅಲ್ವಾ, ತೊಳೀದೆ ಹಾಕಿದ್ದು ಕರಗಿ ಹರಿದು ಭಟ್ಟಿಯ ಶೆಲ್ಫಿಗೇ ಅಂಟ್ತು, ತೊಳೆದು ಹಾಕಿದ್ದು ಪಾಚಿ ಬಣ್ಣಕ್ಕೆ ಬಂತು. ಎಷ್ಟು ಚಂದ ಅಂದ್ರೆ ನಾನೇ ಎರಡು ಲೋಟ ತಗೊಂಡೆ.

ಡೆಸ್ಕಿಗೆ ತಿಂಗಳಿಗೆ 3,500, ರೂಮಿಗೆ 8,000ದ ಆಸುಪಾಸು. ಬಾಡಿಗೆ, ಕರೆಂಟು ಕಳೆದು ಕೈಗೆ 20 ಸಾವಿರ ಉಳೀತಿದೆ, ಮಳೆಗಾಲದಲ್ಲೂ. 11 ತಿಂಗಳ ಅಗ್ರಿಮೆಂಟ್ ನಂಬಿ ಮಾತ್ರ ಒಂದು ಬೋರ್ಡೂ ಹೊಡೀಬೇಡಿ, ಉದ್ದದ ಲೀಸ್ ಮಾಡಿ, ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸಿ. ಹಳೇ ಕರೆಂಟ್ ಮೀಟರು ಎಲ್‌ಟಿ-5 (ಕೈಗಾರಿಕೆ ದರ) ಇದ್ರೆ ಎಲ್‌ಟಿ-3ಗೆ (ವಾಣಿಜ್ಯ ದರ) ಬದಲಾಗೋ ಲೆಕ್ಕಾನೂ ಬಾಡಿಗೆ ಮಾತಾಡೋ ಮುಂಚೆನೇ ಹಾಕ್ಕೊಳ್ಳಿ.