‘ಚೆನ್ನಾಗಿದೆ’ ಅನ್ನುವುದನ್ನು ಬಿಟ್ಟ ಮೇಲೆ

ಮೊದಲ ಕರಡು ಓದಿ ಮುಗಿಸಿದ ಗೆಳತಿ ಹಸ್ತಪ್ರತಿಯನ್ನು ವಾಪಸ್ ಕೊಡುತ್ತಾ ಹೇಳಿದಳು: ‘ಇವಳನ್ನು ಚೆನ್ನಾಗಿ ನೋಡಿದೆ ಕಣೇ. ಆದರೆ ಇವಳು ಯಾರು ಅಂತ ಗೊತ್ತಾಗಲಿಲ್ಲ.’ ಅವಳು ಹೇಳಿದ್ದು ನನ್ನ ಕಾದಂಬರಿಯ ನಾಯಕಿಯ ಬಗ್ಗೆ. ಎರಡು ವರ್ಷ ಕೂತು ಬರೆದ 310 ಪುಟ ಅದು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಮೊದಲ ಅಧ್ಯಾಯವನ್ನು ಬೇರೆ ಯಾರೋ ಬರೆದದ್ದು ಎಂದುಕೊಂಡು ಓದಿದೆ. ನಾಯಕಿ ಬಾಗಿಲು ತೆರೆಯುತ್ತಾಳೆ, ಬೀಗದಕೈಯನ್ನು ಮೇಜಿನ ಮೇಲಿಡುತ್ತಾಳೆ, ಕಿಟಕಿಯ ಕಡೆ ತಿರುಗಿ ನಿಲ್ಲುತ್ತಾಳೆ, ಅವಳ ಮುಖದ ಮೇಲೆ ಸಂಜೆಯ ಬೆಳಕು ಬೀಳುತ್ತದೆ. ಪುಟದಿಂದ ಪುಟಕ್ಕೆ ಇದೇ. ಒಂದು ಕ್ಯಾಮೆರಾ ಏನೇನು ಕಾಣಬಹುದೋ ಅಷ್ಟನ್ನೂ ಬರೆದಿದ್ದೆ, ಅದರಾಚೆಗೆ ಒಂದು ಸಾಲೂ ಇರಲಿಲ್ಲ.

ಆ ಎರಡು ವರ್ಷ ನಾನು ಓದಿದ್ದಕ್ಕಿಂತ ಸಿನಿಮಾ ನೋಡಿದ್ದೇ ಹೆಚ್ಚು. ಸಿನಿಮಾದಲ್ಲಿ ಅಂಥ ದೃಶ್ಯ ಬಂದಾಗ ಮಿಕ್ಕ ಕೆಲಸವನ್ನೆಲ್ಲ ನಟಿಯ ಮುಖ ಮಾಡುತ್ತದೆ. ನನ್ನ ಪುಟದಲ್ಲಿ ನಟಿ ಇರಲಿಲ್ಲ.

ಪುಸ್ತಕ, ಸಿನಿಮಾಗಳ ಬಗ್ಗೆ ನನಗೆ ಮೊದಲಿನಿಂದಲೂ ಗಟ್ಟಿ ಅಭಿಪ್ರಾಯಗಳಿದ್ದವು. ಓದಿದ್ದನ್ನೂ ನೋಡಿದ್ದನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ: ‘ಚೆನ್ನಾಗಿದೆ’, ‘ಎಳೆದಿದ್ದಾರೆ’, ‘ಕೊನೆ ಸಪ್ಪೆ’, ‘ಮನಸ್ಸು ತಟ್ಟಿತು’. ಕರಡು ಬಿದ್ದುಹೋದ ಮೇಲೆ ಆ ಪುಸ್ತಕವನ್ನು ತೆರೆದು ಕೂತೆ, ಏನಾದರೂ ದಾರಿ ಕಾಣುತ್ತದೇನೋ ಎಂದು. ಇನ್ನೂರಕ್ಕೂ ಹೆಚ್ಚು ಟಿಪ್ಪಣಿಗಳಿದ್ದವು, ಬರೆಯುವವಳಿಗೆ ಉಪಯೋಗಕ್ಕೆ ಬರುವಂಥದ್ದು ಒಂದೂ ಇರಲಿಲ್ಲ. ಯಾವುದು ಮನಸ್ಸು ತಟ್ಟಿತು, ಎಷ್ಟನೇ ಪುಟದಲ್ಲಿ, ಅದಕ್ಕೆ ಮುಂಚೆ ಲೇಖಕ ಏನು ಮಾಡಿಟ್ಟಿದ್ದ, ಇದ್ಯಾವುದನ್ನೂ ನಾನು ಕೇಳಿಕೊಂಡಿರಲಿಲ್ಲ.

ಅಂದಿನಿಂದ ಒಂದು ಕಾದಂಬರಿ ಮುಗಿದ ಕೂಡಲೇ ಎರಡು ಜಾಗಗಳನ್ನು ಗುರುತು ಮಾಡುತ್ತೇನೆ. ಒಂದು, ಪುಸ್ತಕವನ್ನು ಎದೆಯ ಮೇಲೆ ಮಗುಚಿಟ್ಟು ಸುಮ್ಮನೆ ಕೂತ ಜಾಗ. ಇನ್ನೊಂದು, ಗಮನ ಜಾರಿದ ಜಾಗ. ಎರಡನ್ನೂ ಮತ್ತೆ ಓದುತ್ತೇನೆ. ಗಮನ ಜಾರಿದ ಕಡೆ ತಪ್ಪು ಹೆಚ್ಚು ಸಲ ಅಲ್ಲೇ ಇರುವುದಿಲ್ಲ, ಅದಕ್ಕೂ ಹತ್ತಿಪ್ಪತ್ತು ಪುಟ ಹಿಂದೆ ಇರುತ್ತದೆ.

ಇದಕ್ಕಿಂತ ಹೆಚ್ಚು ಕಲಿಸಿದ್ದು ನಕಲು ಮಾಡುವ ಕೆಲಸ. ನಾನು ಬಹಳ ಇಷ್ಟಪಡುವ ಕಾದಂಬರಿಯೊಂದರ 22 ಪುಟದ ಅಧ್ಯಾಯವನ್ನು ಒಂಬತ್ತು ಸಂಜೆ ಕೂತು ಕೈಯಲ್ಲಿ ಬರೆದೆ. ಓದುವಾಗ ಕಣ್ಣು ಓಡುತ್ತದೆ, ಕೈಗೆ ಆ ಓಟ ಸಾಧ್ಯವಿಲ್ಲ. ಆಮೇಲೆ ಮೂರು ಬಣ್ಣದ ಪೆನ್ನು ಹಿಡಿದೆ. ಕಣ್ಣೆದುರು ನಡೆಯುತ್ತಿರುವುದಕ್ಕೆ ನೀಲಿ, ತಿಂಗಳನ್ನೋ ವರ್ಷವನ್ನೋ ಒಂದೆರಡು ಸಾಲಿನಲ್ಲಿ ದಾಟಿಸುವುದಕ್ಕೆ ಹಸಿರು, ಪಾತ್ರದ ಮನಸ್ಸಿನೊಳಗೆ ಇರುವುದಕ್ಕೆ ಕೆಂಪು. ಇಡೀ ಅಧ್ಯಾಯ ನನಗೆ ಒಂದೇ ಸಂಜೆಯ ಕಥೆಯೆಂದು ನೆನಪಿತ್ತು. ಎಣಿಸಿದರೆ ನೀಲಿ ಎಂಟು ಪುಟವೂ ಇರಲಿಲ್ಲ. ಆ ಸಂಜೆಗೆ ಭಾರ ಬಂದದ್ದು ನಡುನಡುವೆ ಹರಿದ ಹಸಿರಿನಿಂದ, ಒಳಗಿನಿಂದ ಮಾತಾಡುತ್ತಿದ್ದ ಕೆಂಪಿನಿಂದ. ನನ್ನ ಅಧ್ಯಾಯಕ್ಕೂ ಅದೇ ಪೆನ್ನು ಹಾಕಿದೆ. ಹದಿನೈದು ಪುಟ ನೀಲಿಯೋ ನೀಲಿ.

ಬೀಗದಕೈಯ ಆ ಜಾಗ ಎರಡನೇ ಕರಡಿನಲ್ಲಿ ಹೀಗಾಯಿತು: ‘ಬೀಗದಕೈಯನ್ನು ಮೇಜಿನ ಮೇಲಿಟ್ಟಳು. ಅಪ್ಪ ಇದ್ದಾಗ ಅದಕ್ಕೊಂದು ಮೊಳೆ ಇತ್ತು, ಅಲ್ಲಿ ತೂಗುಹಾಕದಿದ್ದರೆ ಮಲಗುವವರೆಗೂ ಗೊಣಗುತ್ತಿದ್ದರು. ಮೊಳೆ ಈಗಲೂ ಅಲ್ಲೇ ಇದೆ. ಎಂಟು ತಿಂಗಳಿಂದ ಅವಳು ಮೇಜಿನ ಮೇಲೆಯೇ ಇಡುತ್ತಿದ್ದಾಳೆ, ಪ್ರತಿ ಸಲವೂ ಸದ್ದಾಗದ ಹಾಗೆ.’ ಕಿಟಕಿ, ಸಂಜೆಯ ಬೆಳಕು ಎರಡನ್ನೂ ತೆಗೆದುಹಾಕಿದೆ.

ಅದೇ ಸಾಲುಗಳಲ್ಲಿ ಇನ್ನೊಂದು ತೊಡಕು ಎದುರಾಯಿತು. ಅಪ್ಪ ‘ಗೊಣಗುತ್ತಿದ್ದರು’ ಅನ್ನಬೇಕೋ, ‘ಗೊಣಗುತ್ತಿದ್ದ’ ಅನ್ನಬೇಕೋ? ಕನ್ನಡದಲ್ಲಿ ಬರೆಯುವವರು ಇದನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ‘ದ್ದರು’ ಅಂದ ಕ್ಷಣ ನಿರೂಪಣೆ ಮಗಳ ಪಕ್ಕಕ್ಕೆ ಬಂದು ನಿಲ್ಲುತ್ತದೆ. ‘ದ್ದ’ ಅಂದರೆ ಅಪ್ಪನೂ ಎಲ್ಲರಂತೆ ಒಂದು ಪಾತ್ರವಾಗುತ್ತಾನೆ. ಮೊದಲ ಕರಡಿನಲ್ಲಿ ಎರಡೂ ಕಲಸಿಹೋಗಿದ್ದವು, ನನಗೇ ಗೊತ್ತಾಗಿರಲಿಲ್ಲ. ಇದನ್ನು ನೇರ ಮಾಡಲು ಮೂರು ವಾರ ಹಿಡಿಯಿತು. ಈಗ ಮಗಳು ನೋಡುವ ಅಧ್ಯಾಯಗಳಲ್ಲೆಲ್ಲ ‘ಅವರು’. ಅಪ್ಪನ ಯೌವನದ ಒಂದೇ ಒಂದು ಅಧ್ಯಾಯದಲ್ಲಿ ‘ಅವನು’. ಆ ಅಧ್ಯಾಯದ ಮೊದಲ ಸಾಲಿಗೆ ಬಂದ ಓದುಗರು ಮಗಳಿಗೆ ಗೊತ್ತೇ ಇಲ್ಲದ ಮನುಷ್ಯನೊಬ್ಬನ ಹತ್ತಿರ ಬಂದಿರುತ್ತಾರೆ, ನಾನು ಬೇರೆ ಏನೂ ವಿವರಿಸಬೇಕಾಗಿಲ್ಲ. ಇದನ್ನು ಯಾವ ಕ್ಯಾಮೆರಾವೂ ಮಾಡಲಾರದು. ನನ್ನ ಭಾಷೆಯ ಮೇಲೆ ಆ ದಿನ ಹುಟ್ಟಿದ ಪ್ರೀತಿ ಬೇರೆಯೇ ಬಗೆಯದು.

ಹಾಗೆಂದು ಸಿನಿಮಾ ಬಿಡಲಿಲ್ಲ, ನೋಡುವ ರೀತಿ ಬದಲಾಯಿತು. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು ನೂರು ವರ್ಷದ ಹಿಂದೆ ಮಾಡಿದ ಪ್ರಯೋಗವೊಂದು ಪ್ರಸಿದ್ಧ. ನಟನೊಬ್ಬನ ಭಾವವಿಲ್ಲದ ಮುಖದ ಒಂದೇ ಶಾಟನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದ. ಮುಖ ಅದೇ ಆದರೂ ನೋಡಿದವರಿಗೆ ಒಂದರಲ್ಲಿ ಹಸಿವು, ಇನ್ನೊಂದರಲ್ಲಿ ದುಃಖ ಕಂಡಿತು. ಇದನ್ನು ತಿಳಿದ ಮೇಲೆ ನನ್ನ ಕರಡಿನಿಂದ ‘ದುಃಖದಿಂದ’, ‘ಭಾರವಾದ ಮನಸ್ಸಿನಿಂದ’ ಎಂಬಂಥ ಮಾತುಗಳನ್ನು ಹುಡುಕಿ ಹುಡುಕಿ ಅಳಿಸಿದೆ. ‘ಅವಳು ಬಟ್ಟೆ ಮಡಿಸಿಟ್ಟಳು’ ಎಂಬ ಸಾಲಿನಲ್ಲಿ ಯಾವ ಭಾವವೂ ಇಲ್ಲ. ಆಸ್ಪತ್ರೆಯಿಂದ ಬಂದ ಫೋನಿನ ನಂತರ ಅದೇ ಸಾಲು ಬಂದರೆ ಓದುಗರು ಬೇಕಾದ್ದನ್ನು ತಾವೇ ತುಂಬಿಕೊಳ್ಳುತ್ತಾರೆ.

ಸಸ್ಪೆನ್ಸ್ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್‌ನಿಂದ ಕಲಿತದ್ದು ಕಥೆಯ ಕಟ್ಟೋಣವನ್ನೇ ಬದಲಿಸಿತು. ಫ್ರೆಂಚ್ ನಿರ್ದೇಶಕ ತ್ರುಫೋ 1962ರಲ್ಲಿ ಅವನನ್ನು ದೀರ್ಘವಾಗಿ ಸಂದರ್ಶಿಸಿದ್ದ. ಇಬ್ಬರು ಮಾತಾಡುತ್ತಿರುವ ಮೇಜಿನ ಕೆಳಗೆ ಬಾಂಬ್ ಇದೆಯೆಂದು ಪ್ರೇಕ್ಷಕರಿಗೆ ಗೊತ್ತಿಲ್ಲದೆ ಅದು ಸಿಡಿದರೆ ಸಿಗುವುದು 15 ಸೆಕೆಂಡಿನ ಬೆಚ್ಚು. ಮೊದಲೇ ಗೊತ್ತಿದ್ದರೆ ಅದೇ ಹರಟೆ 15 ನಿಮಿಷ ಉಸಿರು ಬಿಗಿಹಿಡಿಸುತ್ತದೆ ಎಂಬುದು ಅಲ್ಲಿ ಹಿಚ್‌ಕಾಕ್ ಹೇಳಿದ್ದರ ಸಾರ. ನನ್ನ ಕಾದಂಬರಿಯಲ್ಲಿ ಅಪ್ಪ ಬರೆದಿಟ್ಟ ಪತ್ರವೊಂದು ಇದೆ. ಅದನ್ನು ನಾಯಕಿಯ ತಮ್ಮ ಬಚ್ಚಿಟ್ಟಿದ್ದಾನೆ ಎಂಬುದನ್ನು 240ನೇ ಪುಟದವರೆಗೂ ಮುಚ್ಚಿಟ್ಟಿದ್ದೆ. ಈಗ 40ನೇ ಪುಟದಲ್ಲೇ ಹೇಳಿದ್ದೇನೆ. ಅಕ್ಕ ತಮ್ಮ ಇಬ್ಬರೇ ಕೂತು ಮಾತಾಡುವ ಸಂದರ್ಭಗಳು ಮೊದಲು ಜಾಳಾಗಿದ್ದವು. ಈಗ ಅವುಗಳಲ್ಲಿ ಒಂದು ಪದವನ್ನೂ ಬದಲಿಸದೆ ಬಿಗಿ ಬಂದಿದೆ.

‘ಪುಸ್ತಕದಷ್ಟು ಸಿನಿಮಾ ಚೆನ್ನಾಗಿಲ್ಲ’ ಎಂಬ ಜಗಳದಲ್ಲಿ ಈಗ ನನಗೆ ಆಸಕ್ತಿಯಿಲ್ಲ. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಹೆಚ್ಚುಕಡಿಮೆ ಒಂದು ನಿಮಿಷ ಎಂಬುದು ಆ ಕಸುಬಿನವರ ಲೆಕ್ಕ. ಎರಡು ಗಂಟೆಗೆ 120 ಪುಟ. 400 ಪುಟದ ಕಾದಂಬರಿ ಅದರೊಳಗೆ ಹಿಡಿಯಲು ಸಾಧ್ಯವೇ ಇಲ್ಲ. ಏನನ್ನು ಇಟ್ಟುಕೊಂಡರು, ಯಾಕೆ ಎಂದು ನೋಡಿದರೆ ಕಲಿಯುವುದು ಬಹಳ ಇದೆ.

ಸಮಯದ ಬಗ್ಗೆ ಎರಡು ಮಾತು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರೊಲೊಪ್ ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಲೇ, ಬೆಳಗಿನ ಜಾವ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದ. 47 ಕಾದಂಬರಿ ಬರೆದ. ಒಂದು ವಾರ ನಾನೂ ಹಾಗೆ ಪ್ರಯತ್ನಿಸಿದೆ. ಪದಗಳ ಲೆಕ್ಕ ತುಂಬಿತು, ಬರೆದದ್ದನ್ನೆಲ್ಲ ಹರಿದೆಸೆಯಬೇಕಾಯಿತು. ನನಗೆ ಒಗ್ಗಿದ್ದು ಕೆಲಸಕ್ಕೆ ಹೋಗುವ ಮೊದಲು ಒಂದೂವರೆ ಗಂಟೆ, 300 ಪದ. ಹಿಂದಿನ ದಿನದ ಕೊನೆಯ ವಾಕ್ಯವನ್ನು ಅರ್ಧಕ್ಕೆ ಬಿಟ್ಟಿರುತ್ತೇನೆ, ಬೆಳಿಗ್ಗೆ ಕೂತ ತಕ್ಷಣ ಅದನ್ನು ಮುಗಿಸುವ ಕೆಲಸವಾದರೂ ಇರಲಿ ಎಂದು.

ದಿನನಿತ್ಯದ ಬದುಕಿಗೂ ಒಂದು ನೋಟ್‌ಪುಸ್ತಕ ಇಟ್ಟಿದ್ದೇನೆ. ಮೊದಲ ವರ್ಷ ಅದರಲ್ಲಿ ಘಟನೆಗಳನ್ನು ಬರೆಯುತ್ತಿದ್ದೆ. ಘಟನೆ ಹೇಗೂ ನೆನಪಿರುತ್ತದೆ, ಆರು ತಿಂಗಳಲ್ಲಿ ಮರೆತುಹೋಗುವುದು ಜನ ಆಡಿದ ಮಾತಿನ ನಿಖರ ರೂಪ. ಹಾಗಾಗಿ ಈಗ ಎರಡನ್ನೇ ಬರೆಯುತ್ತೇನೆ: ಆಡಿದ ಮಾತು ಇದ್ದಂತೆಯೇ, ಆ ಹೊತ್ತಿನಲ್ಲಿ ಕೈ ಏನು ಮಾಡುತ್ತಿತ್ತು ಎಂಬುದು. ಆಸ್ಪತ್ರೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕ ‘ನನಗೇನೂ ಅವಸರ ಇಲ್ಲಪ್ಪಾ’ ಎನ್ನುತ್ತಲೇ ಟೋಕನ್ನಿನ ಸಂಖ್ಯೆಯನ್ನು ಮತ್ತೆ ಮತ್ತೆ ಬೆರಳಿನಿಂದ ಸವರುತ್ತಿದ್ದರು. ಬಸ್ಸಿನಲ್ಲಿ ಒಬ್ಬ ಹುಡುಗಿ ಫೋನಿನಲ್ಲಿ ನಗುತ್ತಾ ಮಾತಾಡಿ ಇಟ್ಟಳು, ಆಮೇಲೆ ಇಳಿಯುವವರೆಗೂ ಬ್ಯಾಗಿನ ಜಿಪ್ಪನ್ನು ಎಳೆಯುತ್ತಾ ಮುಚ್ಚುತ್ತಾ ಇದ್ದಳು.

ಒಂದು ಸಲ ಅಕ್ಕನ ಮನೆಗೆ ಹೋಗಿದ್ದಾಗ ಅವಳು ಯಾರಿಗೋ ಫೋನಿನಲ್ಲಿ ಒಂದು ಮಾತು ಹೇಳಿದಳು. ಹೇಳುತ್ತಾ, ಆಗಲೇ ಒರೆಸಿದ್ದ ಮೇಜನ್ನು ಇನ್ನೊಮ್ಮೆ ಒರೆಸಿದಳು. ಮನೆಗೆ ಬಂದು ಎರಡನ್ನೂ ಬರೆದಿಟ್ಟೆ, ವರ್ಷದ ನಂತರ ಎರಡೂ ಕಾದಂಬರಿಯೊಳಗೆ ಬಂದವು. ಆ ಅಧ್ಯಾಯದ ಜೀವ ಇದ್ದದ್ದೇ ಆ ಮಾತಿನಲ್ಲಿ. ಎರಡನೇ ಕರಡು ಮುಗಿದಾಗ ಆ ಪುಟಗಳನ್ನು ಅವಳ ಕೈಗೆ ಕೊಟ್ಟೆ. ಕೊಡದೆ ಇರಲು ಮನಸ್ಸು ಒಪ್ಪಲಿಲ್ಲ. ಬರೆಯುತ್ತೇನೆ ಎಂಬ ಕಾರಣಕ್ಕೆ ಹತ್ತಿರದವರ ಬದುಕು ನನ್ನ ಸ್ವತ್ತಾಗುವುದಿಲ್ಲ ಎಂದು ನಾನು ನಂಬಿದ್ದೇನೆ.

ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಈ ಮೇಜು ಒರೆಸೋದು ನಾನೇ ಅಲ್ವೇನೇ?’ ಅಂದಳು. ಹೌದಕ್ಕ ಅಂದೆ.

‘ಮೇಜು ಇರಲಿ. ಆ ಮಾತು ಮಾತ್ರ ತೆಗೆದುಬಿಡು.’

ಅಂದೇ ತೆಗೆದೆ. ನೋಟ್‌ಪುಸ್ತಕದ ಆ ಹಾಳೆಯನ್ನೂ ಅವಳಿಗೇ ಕೊಟ್ಟುಬಂದೆ. ಆ ಜಾಗಕ್ಕೆ ಏಳೆಂಟು ಬೇರೆ ಮಾತುಗಳನ್ನು ಬರೆದು ನೋಡಿದೆ, ಯಾವುದೂ ಆ ಪಾತ್ರದ ಬಾಯಲ್ಲಿ ನಿಲ್ಲಲಿಲ್ಲ. ಮೂರನೇ ಕರಡಿನ 117ನೇ ಪುಟದಲ್ಲಿ ಒಂದು ಸಾಲಿನಷ್ಟು ಜಾಗವನ್ನು ಖಾಲಿ ಬಿಟ್ಟು ಮುಂದಕ್ಕೆ ಬರೆಯುತ್ತಿದ್ದೇನೆ.