ಕಾರು ತಗ್ಗಿಸಿದ ಮೇಲೆ ಟೈರ್ ಒಳಗಡೆ ಸವೆಯುತ್ತಿತ್ತು, ಸರಿಹೋಗಿದ್ದು ಹೀಗೆ

ಲೋವರಿಂಗ್ ಸ್ಪ್ರಿಂಗ್ ಹಾಕಿ ಕಾರನ್ನು 35 ಮಿಮೀ ತಗ್ಗಿಸಿದ ಮೇಲೆ ಮುಂದಿನ ಟೈರ್‌ಗಳ ಒಳ ಅಂಚು ಮಾತ್ರ ಸವೆಯುತ್ತಿತ್ತು. ಬ್ಯಾಲೆನ್ಸಿಂಗ್, ಟೈರ್ ಅದಲುಬದಲು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಸುಮ್ನೆ ಟೋ (ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಒಂದನ್ನೇ ಸರಿಮಾಡಿದರೂ ಸಾಲಲಿಲ್ಲ, ಯಾಕಂದ್ರೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಕೂತಿರುವ ಸಸ್ಪೆನ್ಶನ್) ಇರುವ ಕಾರು ತಗ್ಗಿದಾಗ ಸಾಮಾನ್ಯವಾಗಿ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಮೈನಸ್ ಕಡೆ ಹೋಗುತ್ತದೆ, ಸ್ಟೀರಿಂಗ್‌ನಿಂದ ಚಕ್ರ ತಿರುಗಿಸುವ ಟೈ ರಾಡ್ ಕೋನ ಬದಲಾಗಿ ಟೋ ಕೂಡ ಕೆಡುತ್ತದೆ. ಟೈರ್ ಜಾಸ್ತಿ ತಿನ್ನುವುದು ಟೋನೇ.

ಕೆಲಸ ಮಾಡಿದ ಕ್ರಮ: ಸ್ಪ್ರಿಂಗ್ ಕೂರುವವರೆಗೆ ಸ್ವಲ್ಪ ಓಡಿಸಿದೆ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಬೋಲ್ಟ್ ಸಡಿಲಿಸಿ, ಕಾರಿನ ಭಾರ ಚಕ್ರದ ಮೇಲಿರುವಾಗಲೇ ಬಿಗಿ ಮಾಡಿಸಿದೆ. ಸ್ಟ್ರಟ್ ಕೆಳಗಿನ ಎರಡು ಬೋಲ್ಟ್‌ಗಳಲ್ಲಿ ಮೇಲಿನದರ ಬದಲು ಕ್ಯಾಂಬರ್ ಬೋಲ್ಟ್ (ತಿರುಗಿಸಿ ಕ್ಯಾಂಬರ್ ಹೊಂದಿಸುವ ಬೋಲ್ಟ್) ಹಾಕಿಸಿದೆ. ಮೊದಲು ಕ್ಯಾಂಬರ್ ಎರಡೂ ಕಡೆ ಮೈನಸ್ 1 ಡಿಗ್ರಿ, ಆಮೇಲೆ ಸ್ಟೀರಿಂಗ್ ನೇರ ಹಿಡಿದು ಟೋ ಸೊನ್ನೆ. ಕ್ಯಾಂಬರ್ ಮುಟ್ಟಿದರೆ ಟೋ ಮತ್ತೆ ಬದಲಾಗುತ್ತದೆ, ಅದಕ್ಕೇ ಈ ಕ್ರಮ.